ತುಟಿ ಕೂಡುವುದನ್ನು ಕಂಡ ಹುಲಿಗೆವ್ವ

ಬಹಳ ಹಿಂದೆ, ಹೊಳೆ ಇನ್ನೂ ಊರ ಆಚೆ ಮಗ್ಗುಲಲ್ಲಿ ಹರಿಯುತ್ತಿದ್ದ ಕಾಲದಲ್ಲಿ, ಒಂದು ಊರಿನಲ್ಲಿ ಹುಲಿಗೆವ್ವ ಎಂಬ ಸೂಲಗಿತ್ತಿ ಇದ್ದಳಂತೆ. ಕೋಳಿಯ ತತ್ತಿಯೊಳಗೆ ಕಣ್ಣಿಟ್ಟು ಮುದುಕಿಯಾದವಳು ಅವಳು. ಕಂಡವರು ಈಗ ಯಾರೂ ಇಲ್ಲ, ಹೇಳುವವರು ಇದ್ದೇವೆ. ಹೇಳುವಾಗ ಒಂದಕ್ಕೆರಡು ಸೇರುತ್ತದೆ, ನೀವೇ ಕೇರಿಕೊಳ್ಳಿ.

ಬೇರೆ ಊರಿಗೆ ಕೊಟ್ಟಿದ್ದ ತಂಗಿ ದುರುಗವ್ವನ ಚೊಚ್ಚಲ ಹೆರಿಗೆಯನ್ನು ಅವಳೇ ಹೋಗಿ ಮಾಡಿಸಿದಳು. ಕೂಸು ಗಂಡು, ದನಿ ಗಟ್ಟಿ, ಆದರೆ ಮೇಲ್ತುಟಿ ಸೀಳಿತ್ತು. ಗ್ರಹಣ ಹಿಡಿದಾಗ ಬಸುರಿ ಬದನೆಕಾಯಿ ಹೆಚ್ಚಿದಳು, ಅದಕ್ಕೇ ಕೂಸಿನ ತುಟಿ ಹರಿಯಿತು ಎಂದು ಅತ್ತೆ ಅಂದಳು. ಅತ್ತೆ ಅಂದದ್ದನ್ನು ಓಣಿ ಅಂದಿತು. ಹೆಚ್ಚಿದ್ದು ನಿಜವೇ. ಹೊಲದ ಆಳುಗಳಿಗೆ ಬುತ್ತಿ ಕಟ್ಟು ಎಂದು ಅವತ್ತು ಹೇಳಿದವಳು ಆ ಅತ್ತೆಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಂಡನೋ, ದುರುಗವ್ವ ಮತ್ತು ಕೂಸು ಇಬ್ಬರನ್ನೂ ದನದ ಕೊಟ್ಟಿಗೆಗೆ ಹಾಕಿದ. ಆಮೇಲೆ ಆ ಮನೆಯಲ್ಲಿ ಯಾರೂ ಅವಳ ಕೈಯಡುಗೆ ಉಣ್ಣಲಿಲ್ಲ.

"ನನ್ನ ಕೈಯಿಂದನ ಹಿಂಗಾತೇನಕ್ಕ?" ಎಂದು ದುರುಗವ್ವ ಕೇಳಿದಳಂತೆ. ಅಷ್ಟು ಕೂಸುಗಳನ್ನು ಹಿಡಿದ ಹುಲಿಗೆವ್ವನಿಗೆ ಹೌದು ಅನ್ನಲೂ ಬರಲಿಲ್ಲ, ಅಲ್ಲ ಅನ್ನಲೂ ಬರಲಿಲ್ಲ. ನೋಡಿ ಹೇಳುತ್ತೇನೆ ಅಂದಳು. ಆ ಒಂದು ಮಾತು ಅವಳ ಆಯುಷ್ಯವನ್ನೇ ತಿಂದಿತು.

ಬಸುರಿನೊಳಗೆ ಇಣುಕಲಾಗದು. ಅದಕ್ಕೇ ಕೋಳಿ ಸಾಕಿದಳು. ಕಾವಿಗಿಟ್ಟ ತತ್ತಿಯ ನೆತ್ತಿಯಲ್ಲಿ ಸೂಜಿಯಿಂದ ಕಿರುಬೆರಳ ಉಗುರಿನಷ್ಟು ಕಿಂಡಿ ಕೊರೆದು, ನೋಡಿ, ಜೇನುಮೇಣ ಮೆತ್ತಿ ಮತ್ತೆ ಕೋಳಿಯ ಕೆಳಗೆ ಇಡುತ್ತಿದ್ದಳಂತೆ. ತತ್ತಿ ಕೊಳೆತವು. ಮತ್ತೆ ಇಟ್ಟಳು, ಮತ್ತೆ ಕೊಳೆತವು. ಗ್ರಹಣ ಬಂದಾಗ ಕಾವು ಕೂತ ಕೋಳಿಯ ಮುಂದೆಯೇ ಕೂತು ಬುಟ್ಟಿಗಟ್ಟಲೆ ಬದನೆಕಾಯಿ ಹೆಚ್ಚಿದಳು. ಮರಿಗಳೆಲ್ಲ ನೆಟ್ಟಗೆ ಹುಟ್ಟಿದವು. ಹೆಚ್ಚಬೇಕಾದವಳು ಬಸುರಿ, ನೀನಲ್ಲ, ಕೋಳಿಗೇ ಈಳಿಗೆ ಕೊಟ್ಟು ನೋಡು ಎಂದು ಊರವರು ನಕ್ಕರು. ಅವಳಿಗೆ ಸಿಟ್ಟು ಬರಲಿಲ್ಲ. ಅವರ ಮಾತಿನಲ್ಲೂ ಹುರುಳಿದೆ ಅನ್ನಿಸಿ ಆಯಾಸವಾಯಿತು.

ಸುದ್ದಿ ಕೇಳಿದ ಆಗಿನ ದೇಸಾಯರು ತಮ್ಮ ವಾಡೆಯ ಹಿಂದೆ ಒಂದು ಗೂಡು, ನಾಲ್ಕು ಕೋಳಿ, ಕಾಳುಕಡಿ ಕೊಟ್ಟರಂತೆ. ವರ್ಷಕ್ಕೊಮ್ಮೆ ಹೋಗಿ ಕೈಕಟ್ಟಿ ನಿಂತು ಕಂಡದ್ದನ್ನು ಹೇಳಬೇಕು.

"ಮೊದಲ ಎದಿ ಮಿಡಿತೈತ್ರಿ ಧಣೇರ. ಕೆಂಪು ಚುಕ್ಕಿ, ಜ್ವಾಳದ ಕಾಳಿಗಿಂತ ಸಣ್ಣದು," ಎಂದಳು.

"ಅದರಿಂದ ಕೋಳಿ ದಿನಕ್ಕೆರಡು ತತ್ತಿ ಇಡತಾವೇನು?" ಎಂದರು ದೇಸಾಯರು.

ಇಲ್ಲ ಅಂದಳು. ಮರುವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಒಂದು ದಿನ ಹೋಗಿ ನೋಡಿದರೆ ಗೂಡು ಖಾಲಿ, ವಾಡೆಯಲ್ಲಿ ಬೀಗರೂಟ. ಅವಳು ಅಲ್ಲೇ ಕುಸಿದು ಅತ್ತಳಂತೆ. ಅತ್ತು ಮುಗಿದ ಮೇಲೆ ಮನೆಗೆ ಬಂದು ಇನ್ನೊಂದು ಹೇಟೆ ಕೋಳಿ ಸಾಕಿದಳಂತೆ.

ಹೀಗೇ ತಲೆ ನೆರೆಯಿತು. ಹುಟ್ಟದ ಮರಿಗಳ ಶಾಪ ಆ ಕೈಗಿದೆ ಎಂದು ಹೆದರಿ ಹೆರಿಗೆಗೆ ಕರೆಯುವವರೂ ಕಡಿಮೆಯಾದರು. ಆ ಮರಿಗಳ ಸಂಕಟ ಅವಳಿಗೂ ಇತ್ತು, ಆದರೆ ಬಿಡಲಾರಳು. ಕೊನೆಗೊಮ್ಮೆ ಬೆಳಗಿನ ಬಿಸಿಲಿಗೆ ತತ್ತಿ ಹಿಡಿದಾಗ ಕಂಡಳಂತೆ: ಮುಖ ಒಂದೇ ಸಲಕ್ಕೆ ಆಗುವುದಿಲ್ಲ. ಎರಡು ಮಗ್ಗುಲಿಂದ ಬಂದು ನಡುವೆ ಕೂಡುತ್ತದೆ. ಆಡು ದಿನ ತುಂಬದ ಕಂದು ಹಾಕಿದಾಗ ಅದನ್ನೂ ನೋಡಿದಳು, ಅಲ್ಲೂ ಹಾಗೆಯೇ. ಕೂಡುವ ಮುಂಚೆ ಎಲ್ಲರ ಮುಖವೂ ಸೀಳೇ. ಕೆಲವರಲ್ಲಿ ಅದು ಕೂಡದೆ ಉಳಿದುಬಿಡುತ್ತದೆ. ಯಾಕೆ ಉಳಿಯುತ್ತದೆ ಎಂಬುದು ಅವಳಿಗೆ ಸಾಯುವವರೆಗೂ ತಿಳಿಯಲಿಲ್ಲ.

ಅಷ್ಟನ್ನೇ ಕಟ್ಟಿಕೊಂಡು ತಂಗಿಯ ಊರಿಗೆ ನಡೆದಳು. ಅಲ್ಲಿ ಅತ್ತೆ ಸತ್ತಿದ್ದಳು, ಗಂಡ ಸತ್ತಿದ್ದ, ಮಗ ದೊಡ್ಡವನಾಗಿ ಕುರಿಯ ಹಿಂದೆ ಹೋಗಿದ್ದ. ಮುದುಕಿಯಾದ ದುರುಗವ್ವ ಇನ್ನೂ ಕೊಟ್ಟಿಗೆಯಲ್ಲೇ ಇದ್ದಳು. ಮನೆ ಖಾಲಿ ಬಿದ್ದಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಅಕ್ಕ ಕಂಡದ್ದನ್ನೆಲ್ಲ ಹೇಳಿದಳು.

"ಹಂಗಾರ ನಾ ಹರದಿದ್ದಲ್ಲ," ಎಂದಳು ತಂಗಿ.

"ನೀ ಹರದಿದ್ದಲ್ಲವ್ವ. ಕೂಡಬೇಕಿತ್ತು, ಕೂಡಲಿಲ್ಲ, ಅಷ್ಟ."

"ಭಾಳ ತಡ ಮಾಡಿದೆಕ್ಕ," ಅಂದಳಂತೆ ದುರುಗವ್ವ. ಬೈಯಲು ಅವಳಲ್ಲೂ ಶಕ್ತಿ ಉಳಿದಿರಲಿಲ್ಲ. ಆಮೇಲೆ ಅಕ್ಕನ ಕೈ ಹಿಡಿದು ಎದ್ದು, ಆ ಮನೆಯ ಹೊಸ್ತಿಲು ದಾಟಿ ಒಲೆ ಹಚ್ಚಿದಳಂತೆ.

ಈಗಲೂ ಆ ಸೀಮೆಯಲ್ಲಿ ಕೂಸು ಹುಟ್ಟಿದರೆ ಹಿರಿಯಳೊಬ್ಬಳು ಅದರ ಮೂಗಿನ ಕೆಳಗಿನ ಸಣ್ಣ ತಗ್ಗನ್ನು ಬೆರಳಿಂದ ಮುಟ್ಟಿ "ಕೂಡೈತಿ" ಅನ್ನುತ್ತಾಳೆ. ಕೂಡದ ಕೂಸು ಹುಟ್ಟಿದರೆ ಯಾರೂ ಏನೂ ಅನ್ನುವುದಿಲ್ಲ. ಹೆರಿಗೆಯ ಮೈಲಿಗೆಯಾದ ಪುರುಡು ಕಳೆದ ದಿನ ಆ ಬಾಣಂತಿಯ ಕೈಯಿಂದ ಒಂದೊಂದು ತುತ್ತು ಇಸಿದುಕೊಂಡು ಮನೆಯವರೆಲ್ಲ ಉಣ್ಣುತ್ತಾರೆ. ಮೊದಲ ತುತ್ತು ಅತ್ತೆಯದು.