ಬಚ್ಚಲ ಬದಿಯ ಬಳ್ಳಿಗಳು

ಬೇಸಿಗೆಯಲ್ಲಿ ಗೆಣಸಿನ ಬಳ್ಳಿ ಒಣಗದಿರಲೆಂದು ನಿಂಗಾಜಮ್ಮ ಅದನ್ನು ಬಚ್ಚಲ ನೀರು ಹರಿಯುವ ಕಡೆ ನೆಟ್ಟು ಕಾಯುತ್ತಿದ್ದಳು. ಆ ವರ್ಷ ಅಲ್ಲಿ ಕೆಂಪುಗೆಣಸಿನದೇ ದರ್ಬಾರು. ಬಿಳಿಗೆಣಸಿನ ಬಳ್ಳಿ ಮೂಲೆಯಲ್ಲೊಂದಿತ್ತು.

“ಆಚೆ ಸರಿಯಮ್ಮ, ಬೇಯಿಸಿದರೆ ಬರೀ ನಾರು ನೀನು. ನಿನಗೇಕೆ ನೀರು?” ಎಂದಿತು ಕೆಂಪುಬಳ್ಳಿ.

“ನಾರಿಗೂ ಬಾಯಾರುತ್ತದೆ ಅಕ್ಕ,” ಎಂದ ಬಿಳಿಬಳ್ಳಿ ಕದಲಲಿಲ್ಲ.

ಮಳೆ ಬೀಳುತ್ತಲೇ ಎರಡೂ ಬಳ್ಳಿಯ ತುಂಡುಗಳು ಹೊಲ ಸೇರಿದವು. ಹಿಂದೆಯೇ ಗೆಡ್ಡೆ ಕೊರೆಯುವ ಹುಳು ಬಂತು. ಮೇಲ್ಮಣ್ಣಿನಲ್ಲಿದ್ದ ಕೆಂಪುಗೆಡ್ಡೆಗಳನ್ನೆಲ್ಲ ತೂತು ಮಾಡಿತು. ಬಿಳಿಗೆಡ್ಡೆ ಆಳದಲ್ಲಿತ್ತು, ಹುಳುವಿಗೆ ಎಟುಕಲಿಲ್ಲ.

ತನ್ನ ವಂಶವೇ ಮುಗಿಯಿತೆಂದು ಹೆದರಿದ ಕೆಂಪುಬಳ್ಳಿ ಜೇನುಹುಳುವನ್ನು ಕೇಳಿತು: “ಇಷ್ಟು ಹೂ ಬಿಟ್ಟರೂ ನನಗೇಕೆ ಬೀಜ ಕಟ್ಟುವುದಿಲ್ಲ?”

“ಇಲ್ಲಿರುವ ಕೆಂಪುಬಳ್ಳಿಯೆಲ್ಲ ನಿನ್ನದೇ ತುಂಡು. ನಿನ್ನ ಪರಾಗವನ್ನು ನಿನಗೇ ಹೊತ್ತು ನನಗೆ ಸಾಕಾಗಿದೆ. ಬೇರೆ ಮನೆಯ ಸಂಬಂಧ ನೋಡು.”

ಬೇರೆ ಮನೆಯೆಂದು ಆ ಹೊಲದಲ್ಲಿದ್ದದ್ದು ಒಂದೇ. ಕೆಂಪುಬಳ್ಳಿ ಮೆಲ್ಲಗೆ, “ಬೀಗಿತ್ತಿ, ಅವತ್ತು ಆಚೆ ಸರಿ ಅಂದೆನಲ್ಲ…” ಎಂದಿತು.

“ಸರಿದಿದ್ದರೆ ಇವತ್ತು ಯಾರನ್ನು ಕೇಳುತ್ತಿದ್ದೆ? ಹೂ ಅರಳಿದೆ, ಜೇನನ್ನು ಕಳಿಸು,” ಎಂದಿತು ಬಿಳಿಬಳ್ಳಿ.

ಮರುವರ್ಷ ಆ ಬೀಜದ ಬಳ್ಳಿ ಆಳದಲ್ಲಿ ಕೆಂಪು ಗೆಡ್ಡೆ ಬಿಟ್ಟಿತು. ಹುಳು ಬರಿಗೈಲಿ ಹೋಯಿತು. ಅಗೆದು ಸುಸ್ತಾದ ನಿಂಗಾಜಮ್ಮ ಒಂದನ್ನು ಸುಟ್ಟು ತಿಂದು ನೋಡಿ, ಬೇಸಿಗೆಗೆ ಮೂರೂ ಬಳ್ಳಿಗಳನ್ನು ಬಚ್ಚಲ ಬದಿಗೆ ತಂದಳು.

“ಆಚೆ ಸರೀರಿ, ಮುದುಕಿಯರಾ,” ಎಂದಿತು ಹೊಸಬಳ್ಳಿ.

ಬಿಳಿಬಳ್ಳಿ ನಕ್ಕಿತು. “ಬೇರು ನನ್ನದು ಬೀಗಿತ್ತಿ, ಬಾಯಿ ಮಾತ್ರ ನಿನ್ನದೇ.”