ಲೋಳೆ ಕರಗಿದ ಮೇಲೆ

"ಸೂಕ್ಷ್ಮಾಣುಗಳು ತಮ್ಮ ಸುತ್ತ ಕಟ್ಟಿಕೊಂಡ ಲೋಳೆಯ ಪೊರೆಯನ್ನು ನನ್ನ ದ್ರಾವಣ ಎರಡೇ ಗಂಟೆಯಲ್ಲಿ ಕರಗಿಸಿತು, ಸರ್. ಹುಣ್ಣು ಮಾಯದೆ ವರ್ಷಗಟ್ಟಲೆ ನರಳುವವರಿಗೆ ಅದನ್ನು ಈಗಲೇ ಏಕೆ ಕೊಡಬಾರದು?" ಎಂದು ಶಿಷ್ಯೆ ಹೈಮವತಿ ಕೇಳಿದಳು.

ಗುರು ಚಿದಂಬರಯ್ಯನವರು ಅವಳು ಸೂಕ್ಷ್ಮಾಣು ಬೆಳೆಸಿದ್ದ ಗಾಜಿನ ತಟ್ಟೆಯನ್ನು ನೋಡಿ ಕೆಳಗಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಮಾವುತನಿದ್ದ. ಅವನ ಹೆಣ್ಣಾನೆಯ ಮುಂಗಾಲಿನಲ್ಲಿ ಹುಣ್ಣಾಗಿ ಒಂದೂವರೆ ವರ್ಷವಾಗಿತ್ತು. ಅವನು ದಿನಾ ಅದನ್ನು ಉಪ್ಪುನೀರಿನಲ್ಲಿ ತೊಳೆಯುತ್ತಿದ್ದ. ಪಶುವೈದ್ಯರು ಹಚ್ಚಿದ ಮದ್ದು ಮೇಲಿನ ಲೋಳೆಯಲ್ಲೇ ನಿಂತುಬಿಡುತ್ತಿತ್ತು. ಅದರಡಿಯ ಸೂಕ್ಷ್ಮಾಣುಗಳಿಗೆ ಏನೂ ಆಗುತ್ತಿರಲಿಲ್ಲ. ಆನೆ ಮೂರೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದನ್ನು ಕಲಿತಿತ್ತು.

ಇದನ್ನು ಕೇಳಿ ಒಬ್ಬ ಸಂಶೋಧಕಿ ಬಂದಳು. ಆರು ವರ್ಷ ದುಡಿದು ಅವಳು ಅಂಥ ಲೋಳೆಯನ್ನು ಕರಗಿಸುವ ದ್ರಾವಣ ಮಾಡಿದ್ದಳು. ಪಶುವೈದ್ಯರು ಒಪ್ಪಿದರು. ಆದರೆ ಲೋಳೆ ಕರಗಿದರೆ ಒಳಗಿರುವವು ಚದುರುತ್ತವೆ, ಅವನ್ನು ಕೊಲ್ಲುವ ಚುಚ್ಚುಮದ್ದು ಅದೇ ಹೊತ್ತಿಗೆ ರಕ್ತದಲ್ಲಿರಬೇಕು ಎಂದರು. ಆನೆಯ ತೂಕಕ್ಕೆ ಬೇಕಾದಷ್ಟು ಮದ್ದು ಪಟ್ಟಣದಿಂದ ಬರಲು ನಾಲ್ಕು ದಿನ ಹಿಡಿಯುತ್ತಿತ್ತು. ಅಲ್ಲಿಯವರೆಗೆ ತಡೆಯಲು ಅವಳಿಗೆ ಹೇಳಿ ಹೋದರು.

ಅವಳು ಒಂದು ದಿನ ತಡೆದಳು. ಎರಡನೆಯ ದಿನ ಆನೆ ಸೊಂಡಿಲಿನ ತುದಿಯಿಂದ ತನ್ನ ಹುಣ್ಣನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿತ್ತು. ಇನ್ನೆರಡು ದಿನ ಅದನ್ನು ಹೀಗೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಪ್ರಯೋಗಶಾಲೆಯ ತಟ್ಟೆಯಲ್ಲಿ ಒಮ್ಮೆಯೂ ಸೋಲದ ದ್ರಾವಣದ ಮೇಲೆ ನಂಬಿಕೆಯೂ ಇತ್ತು. ಮಾವುತನಿಗೆ ಕಾಲು ಹಿಡಿದುಕೊಳ್ಳಲು ಹೇಳಿ ತಾನೇ ಸುರಿದಳು.

ಸಂಜೆಯೊಳಗೆ ಲೋಳೆ ಕರಗಿ ಇಳಿದುಹೋಯಿತು. ಕೆಳಗಿನ ಕೆಂಪು ಮಾಂಸ ಕಂಡಿತು. ಮಾವುತ ಅಳುತ್ತಲೇ ನಕ್ಕ. ಅವಳೂ ನಕ್ಕಳು.

ಮರುದಿನ ಆನೆ ಮೇವು ಮುಟ್ಟಲಿಲ್ಲ. ಅದರ ಮೈ ನಡುಗುತ್ತಿತ್ತು. ಒಂದೇ ಕಡೆ ಅಂಟಿ ಕುಳಿತಿದ್ದ ಸೂಕ್ಷ್ಮಾಣುಗಳು ಬಿಡಿಬಿಡಿಯಾಗಿ ನೆತ್ತರಿಗೆ ಇಳಿದಿದ್ದವು. ನೋಡಿದೊಡನೆ ಅವಳಿಗೆ ಅದು ತಿಳಿಯಿತು. ಚುಚ್ಚುಮದ್ದು ಬರುವಷ್ಟರಲ್ಲಿ ಆನೆ ನೆಲ ಹಿಡಿದಿತ್ತು. ಕೊಟ್ಟರೂ ಉಳಿಯಲಿಲ್ಲ.

ಮಾವುತ ಅದರ ಮುಂಗಾಲಿನ ಪಕ್ಕದಲ್ಲಿ ಕುಳಿತಿದ್ದ. ಅವಳು ಹತ್ತಿರ ಹೋದಾಗ ಹುಣ್ಣಿದ್ದ ಜಾಗವನ್ನು ತೋರಿಸಿದ.

"ಹುಣ್ಣು ಮಾಯ್ತಾ ಇತ್ತು ಅಮ್ಮಾ. ನೋಡಿ, ಎಷ್ಟು ಚೊಕ್ಕಟವಾಗಿದೆ. ಇವಳ ಆಯಸ್ಸೇ ಅಷ್ಟಿತ್ತೇನೋ."

ನಡೆದದ್ದೇನೆಂದು ಅವಳು ಅವನಿಗೆ ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಹೈಮವತಿ ಕೇಳಿದಳು:

"ಮಾವುತ ಅವಳನ್ನು ಕ್ಷಮಿಸಿದನೇ, ಸರ್?"

"ಕ್ಷಮಿಸುವಂಥದ್ದು ಏನಿದೆಯೆಂದೇ ಅವನಿಗೆ ತಿಳಿಯದು, ಇಂದಿಗೂ ಅವಳನ್ನು ಕಂಡರೆ ನಿಂತು ಕೈಮುಗಿಯುತ್ತಾನೆ" ಎಂದರು ಗುರುಗಳು.