ಬೈಗುಳಕ್ಕೆ ಬಗ್ಗಿದ ಎಂಜಿನ್

ಅಕ್ಕಿ ಗಿರಣಿಯ ಸಾಹುಕಾರ ವೀರಭದ್ರಪ್ಪನವರ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಟಕಟಕ ಎನ್ನುತ್ತಿತ್ತು.

"ಎಂಜಿನ್ ಬಿಚ್ಚಿ ಟ್ಯಾಪೆಟ್ ಟೈಟ್ ಮಾಡೋ! ಇಲ್ಲದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದು ಡ್ರೈವರ್ ಫಕೀರಪ್ಪನ ಮೇಲೆ ಗುಡುಗಿದರು.

ಆ ಎಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷದಲ್ಲಿ ಆಯಿಲ್ ಮೇಲೇರಿ, ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸಂದು ತಾನೇ ಮುಚ್ಚಿಕೊಂಡು ಸದ್ದು ನಿಲ್ಲುತ್ತದೆ, ಸ್ಪ್ಯಾನರ್ ಹಾಕಿದರೆ ಕೆಡುತ್ತದೆ ಎಂದು ಫಕೀರಪ್ಪನಿಗೆ ಗೊತ್ತಿತ್ತು. ಆದರೆ ಸಾಹುಕಾರರಿಗೆ ಎದುರಾಡಿದ ಯಾರೂ ಗಿರಣಿಯಲ್ಲಿ ಉಳಿದಿರಲಿಲ್ಲ.

"ಬಿಚ್ತೀನಿ ಯಜಮಾನ್ರೇ. ಮೊದಲು ನೀವೇ ಒಂದ್ಸಲ ಗದರಿಸಿ ನೋಡಿ. ನಾವೆಲ್ಲ ಬಗ್ಗೋದು ನಿಮ್ಮ ದನಿಗೇ ಅಲ್ವಾ?"

ಸಾಹುಕಾರರು ಬಾನೆಟ್ಟಿನ ಮೇಲೆ ಬಾಗಿ ಕಾರಿನ ವಂಶವನ್ನೆಲ್ಲ ಜಾಲಾಡಿದರು. ಬೈದು ಮುಗಿಸುವಷ್ಟರಲ್ಲಿ ಆಯಿಲ್ ಏರಿ ಸದ್ದು ಅಡಗಿತ್ತು.

"ನೋಡಿದ್ಯೇನೋ? ಹೆದರಿಬಿಡ್ತು!" ಎಂದು ಮೀಸೆ ತಿರುವಿದರು.

"ನಿಮ್ಮ ಮುಂದೆ ಅದರ ಆಟ ನಡೆಯುತ್ತಾ!" ಎಂದ ಫಕೀರಪ್ಪ.

ಈಗ ಸಾಹುಕಾರರು ದಿನವೂ ಬೆಳಿಗ್ಗೆ ಕಾರನ್ನು ಬೈಯುತ್ತಾರೆ. ಆಮೇಲೆ ಫಕೀರಪ್ಪನನ್ನು ಬೈಯಲು ಅವರಿಗೆ ದನಿಯೇ ಉಳಿದಿರುವುದಿಲ್ಲ.